ವೇಟಿಂಗ್ ಲಿಸ್ಟಿನ ಮೊದಲನೆಯವಳು

ಐಐಎಂನ ವೇಟಿಂಗ್ ಲಿಸ್ಟಿನಲ್ಲಿ ನಾನೇ ಮೊದಲನೆಯವಳು. ಸೀಟು ಸಿಕ್ಕವರು ಒಪ್ಪಿಗೆ ತಿಳಿಸಲು ಅಂದು ಸಂಜೆ ಐದು ಗಂಟೆ ಗಡುವು. ಒಬ್ಬರು ಬಿಟ್ಟರೂ ಅದು ನನ್ನದು. ಭೋಪಾಲದ ನಮ್ಮ ಮನೆಯಲ್ಲಿ ಬೆಳಗಿನಿಂದ ನಾನು ಫೋನು ಕೆಳಗಿಟ್ಟಿರಲಿಲ್ಲ. ಪೋಹಾ ತಟ್ಟೆಯಲ್ಲೇ ಆರಿಹೋಗಿತ್ತು.

ಅಮ್ಮ ಹನುಮಂತನ ಪಟದ ಮುಂದಿಂದ ಏಳಲೇ ಇಲ್ಲ.

"ಯಾರಿಗಾದ್ರೂ ಕೆಟ್ಟದಾಗ್ಲಿ ಅಂತ ಬೇಡ್ಕೋತಿದೀಯೇನಮ್ಮ?" ಎಂದು ರೇಗಿದೆ.

"ಬಿಡ್ತು ಅನ್ನು! ಸೀಟು ಸಿಕ್ಕಿರೋರಲ್ಲಿ ಒಬ್ರಿಗೆ ಇನ್ನೂ ದೊಡ್ಡ ಕಾಲೇಜು ಸಿಗ್ಲಿ ಅಂತಿದೀನಿ. ಒಳ್ಳೇದೇ ಅಲ್ವೇನೇ?"

ನಾಲ್ಕೂ ಮುಕ್ಕಾಲಿಗೆ ಫೋನು ಟಣ್ ಎಂದಿತು. ಪಟ್ಟಿಯಲ್ಲಿ ನನ್ನ ಹಿಂದೆಯೇ ಇದ್ದ ರಾಂಚಿಯ ಮೃದುಲಾ ಬರೆದಿದ್ದಳು:

"ದೀದಿ, ನಿಮಗೆ ಇನ್ನೂ ದೊಡ್ಡ ಕಾಲೇಜು ಸಿಗ್ಲಿ ಅಂತ ನಮ್ಮಮ್ಮ ಬೆಳಗಿಂದ ಉಪವಾಸ ಇದ್ದಾರೆ. ಎಲ್ಲಾದ್ರೂ ಸಿಕ್ತಾ?"