ನಾಲ್ಕಿಂಚು ಸಡಿಲ

ಹೊಲಿಗೆ ತರಬೇತಿ ಕೇಂದ್ರದಲ್ಲಿ ಇಬ್ಬರು ಮೇಡಂಗಳಿದ್ದರು. ಬಟ್ಟೆ ಕತ್ತರಿಸುವುದನ್ನು ಕಲಿಸುವವರು ದೊಡ್ಡ ಮೇಡಂ, ಹೊಲಿಯುವುದನ್ನು ಕಲಿಸುವವರು ಸಣ್ಣ ಮೇಡಂ. ತಕ್ಕಡಿಗೆ ಹಾಕಿದರೆ ಸಣ್ಣ ಮೇಡಮ್ಮೇ ಒಂದೂವರೆ ಪಾಲು ಹೆಚ್ಚು ತೂಗುತ್ತಿದ್ದರು, ಆ ಮಾತು ಬೇರೆ. ಮೇಡಂ ಅನ್ನುವುದು ಕಲಿಯಲು ಬಂದವರಿಗಾಯಿತು, ನಮಗೇಕೆ ಆ ಉಪಚಾರ? ದೊಡ್ಡವಳು, ಸಣ್ಣವಳು ಎಂದೇ ಕರೆಯೋಣ. ಮನೆಯಲ್ಲಿ ಅವರು ಓರಗಿತ್ತಿಯರು. ಅಣ್ಣನ ಹೆಂಡತಿ ದೊಡ್ಡವಳ ಸಂಸಾರ ಮಹಡಿಯ ಮೇಲೆ, ತಮ್ಮನ ಹೆಂಡತಿ ಸಣ್ಣವಳದು ಕೆಳಗೆ. ಒಂದೇ ಬಸ್ಸಿಗೆ ಬರುತ್ತಿದ್ದರು, ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಮಾತು ಮಾತ್ರ ಇರಲಿಲ್ಲ. ಎರಡು ವರ್ಷ ನಾಲ್ಕು ತಿಂಗಳಿಂದ ಇರಲಿಲ್ಲ.

ತಪ್ಪು ಯಾರದು ಎಂದರೆ ಸಣ್ಣವಳದೇ. ಅತ್ತೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ನಲವತ್ತು ಜನ ನೆಂಟರು ಸೇರಿದ್ದಾಗ ದೊಡ್ಡವಳು ಹೊಸ ನೀಲಿ ಕೋಟು ಹಾಕಿಕೊಂಡು ಮೆಟ್ಟಿಲಿಳಿದು ಬಂದಳು. ಎಲ್ಲರೂ ಚೆನ್ನಾಗಿದೆ ಅಂದರು. ಸಣ್ಣವಳ ಬಾಯಿ ಸುಮ್ಮನಿರಬೇಕಲ್ಲ! ಎಡತೋಳು ಬಲಕ್ಕೆ, ಬಲತೋಳು ಎಡಕ್ಕೆ ಕೂತಿದೆ, ಪಾಠ ಹೇಳೋರೇ ಹೀಗೆ ಮಾಡಿದ್ರೆ ಹೇಗಕ್ಕಾ ಅಂದುಬಿಟ್ಟಳು. ನಲವತ್ತು ಜನವೂ ನಕ್ಕರು. ಕಿವಿ ಕೇಳದ ದೊಡ್ಡಪ್ಪ ಕೂಡ, ಏನೆಂದು ತಿಳಿಯದಿದ್ದರೂ, ಜೊತೆಗಿರಲಿ ಎಂದು ನಕ್ಕರು. ದೊಡ್ಡವಳು ಮರುಮಾತಾಡದೆ ಮೇಲೆ ಹೋಗಿ ಹಳೇ ಸ್ವೆಟರು ಹಾಕಿಕೊಂಡು ಬಂದಳು. ಅಂದಿಗೆ ಮಾತು ನಿಂತಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೇ ದಿನವೇ ಹೋಗಿ ತಪ್ಪಾಯಿತು ಅಕ್ಕ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಲ್ಲೊಂದು ತೊಡಕಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿಯುವವರನ್ನು ಸಮಾಧಾನ ಮಾಡಬಹುದು. ಸಣ್ಣವಳ ಮೊಲಕ್ಕೆ ನಿಜವಾಗಿಯೂ ಮೂರೇ ಕಾಲಿತ್ತು. ತೋಳು ತಿರುಗಾಮುರುಗಾ ಇದ್ದದ್ದು ಸತ್ಯ ತಾನೇ? ಸತ್ಯ ಹೇಳಿದ್ದಕ್ಕೆ ಕ್ಷಮೆ ಯಾಕೆ ಕೇಳಬೇಕು? ಹೀಗೆ ತನ್ನೊಳಗೇ ವಾದ ಮಾಡಿ ದಿನಾ ಗೆಲ್ಲುತ್ತಿದ್ದಳು. ಗೆದ್ದು ಬಸ್ಸಿನಲ್ಲಿ ಒಬ್ಬಳೇ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಇವಳ ಅಳು ಒರೆಸಿದವಳು ಅಕ್ಕ. ಗಂಡನಿಗೆ ಹೇಳಲಾಗದ್ದನ್ನೂ ಕೇಳಿಸಿಕೊಂಡವಳು ಅಕ್ಕ. ಆ ದನಿ ಮನೆಯಲ್ಲೇ, ತಲೆಯ ಮೇಲೇ ಓಡಾಡುತ್ತಿದ್ದರೂ ಈಗ ತನ್ನ ಪಾಲಿಗಿರಲಿಲ್ಲ.

ಇಂಥ ಹೊತ್ತಿನಲ್ಲಿ ಪ್ರಿನ್ಸಿಪಾಲರು ಏಳು ದಿನದ ಕಮ್ಮಟಕ್ಕೆ ಹೋಗಿ ಬಂದರು. ಹೋಗುವಾಗ ಒಳ್ಳೆಯ ಮನುಷ್ಯರೇ ಆಗಿದ್ದರು. ಬಂದ ಮೇಲೆ ಬಾಯಿ ತೆರೆದರೆ ಸಹಯೋಗ, ಮುಚ್ಚಿದರೆ ಪಾಡ್‌ಕಾಸ್ಟ್. ಇನ್ನು ಮೇಲೆ ಯಾವ ಪಾಠವನ್ನೂ ಒಬ್ಬರೇ ಸಿದ್ಧಪಡಿಸುವಂತಿಲ್ಲ, ಆನ್‌ಲೈನ್‌ನಲ್ಲಿ ಒಂದೇ ಫೈಲು ತೆರೆದು ಇಬ್ಬರು ಸೇರಿ ಬರೆಯಬೇಕು, ಕಲಿಯುವವರು ಮನೆಯಲ್ಲೇ ಅದನ್ನು ಓದಿ ಕೆಲಸ ಮಾಡಿಕೊಂಡು ಸೋಮವಾರ ಬರಬೇಕು ಎಂದು ಅಪ್ಪಣೆಯಾಯಿತು. ಮೊದಲ ಪಾಠ ಪ್ಯಾಂಟು. ಕತ್ತರಿಸುವ ಪುಟ ದೊಡ್ಡವಳದು, ಹೊಲಿಯುವ ಪುಟ ಸಣ್ಣವಳದು. ಇಬ್ಬರ ಮಧ್ಯೆ ಮಾತಿಲ್ಲವೆಂದು ಇಡೀ ಕೇಂದ್ರಕ್ಕೆ ಗೊತ್ತಿತ್ತು, ಕಮ್ಮಟದ ಗುಂಗಿನಲ್ಲಿದ್ದ ಪ್ರಿನ್ಸಿಪಾಲರೊಬ್ಬರನ್ನು ಬಿಟ್ಟು.

ಬೆನ್ನಿಗೆ ಬೆನ್ನು ಕೊಟ್ಟು ಕೂತವರು ಫೈಲಿನೊಳಗೆ ಎದುರುಬದುರಾದರು. ಹೊಲಿಗೆಗೆಂದು ಅಂಚಿನಲ್ಲಿ ಎಷ್ಟು ಬಟ್ಟೆ ಬಿಡಬೇಕು ಎನ್ನುವಲ್ಲಿ ಜಗಳ ಹತ್ತಿತು. ದೊಡ್ಡವಳು ಅರ್ಧ ಇಂಚು ಎಂದು ಬರೆದಳು. ಸಣ್ಣವಳು ಅದರ ಪಕ್ಕ ಕಮೆಂಟ್ ಹಾಕಿದಳು: ಹೊಸಬರ ಕೈ ನಡುಗುತ್ತದೆ, ಒಂದು ಇಂಚಾದರೂ ಬೇಕು. ದೊಡ್ಡವಳು ಉತ್ತರ ಬರೆಯದೆ 'ಪರಿಹಾರವಾಯಿತು' ಎನ್ನುವ ಗುಂಡಿ ಒತ್ತಿದಳು, ಕಮೆಂಟ್ ಮಾಯವಾಯಿತು. ಸಣ್ಣವಳು ಮತ್ತೆ ಹಾಕಿದಳು, ಅದೂ ಪರಿಹಾರವಾಯಿತು. ಮೂರಡಿ ದೂರದಲ್ಲಿ ಬೆನ್ನ ಹಿಂದೆ ಗುಂಡಿ ಒತ್ತುವ ಟಿಕ್ ಸದ್ದು ಕೇಳಿದಾಗೆಲ್ಲ ಸಣ್ಣವಳ ಮೈ ಉರಿಯುತ್ತಿತ್ತು. ಒಂದು ವಾರದಲ್ಲಿ ಹದಿನಾಲ್ಕು ಕಮೆಂಟ್, ಹದಿನಾಲ್ಕು ಪರಿಹಾರ, ಜಗಳ ಮಾತ್ರ ಇದ್ದಲ್ಲೇ ಇತ್ತು.

ಶುಕ್ರವಾರ ಸಂಜೆ ಸಣ್ಣವಳಿಗೆ ಸಾಕಾಯಿತು. ಹಾಳಾಗಿ ಹೋಗಲಿ, ಅಕ್ಕನ ಮಾತೇ ನಡೆಯಲಿ, ಅದನ್ನು ನೋಡಿಯಾದರೂ ಒಂದು ಮಾತಾಡಿಸಿಯಾಳು ಎಂದುಕೊಂಡು, ಅಕ್ಕನ ಪುಟದ ಕಡೆ ನೋಡದೆಯೇ, ತನ್ನ ಪುಟದಲ್ಲಿ 'ಅಂಚಿನಿಂದ ಅರ್ಧ ಇಂಚು ಒಳಗೆ ಹೊಲಿಯಿರಿ' ಎಂದು ತಿದ್ದಿ ಬಸ್ಸು ಹತ್ತಿದಳು.

ಸೋಮವಾರ ಹದಿನೆಂಟು ಜನ ತಾವೇ ಹೊಲಿದ ಪ್ಯಾಂಟು ಹಾಕಿಕೊಂಡು ಬಂದರು. ಬಂದರು ಎನ್ನುವುದಕ್ಕಿಂತ ಪ್ಯಾಂಟನ್ನು ಹಿಡಿದುಕೊಂಡು ಬಂದರು. ಒಬ್ಬೊಬ್ಬರ ಸೊಂಟದಲ್ಲೂ ನಾಲ್ಕಿಂಚು ಸಡಿಲ. ಪ್ರಿನ್ಸಿಪಾಲರು ಮುಂದೆ ನಿಂತು, ಸಹಯೋಗದ ಪಾಠ ಹೇಗಿತ್ತು, ಚೆನ್ನಾಗಿತ್ತು ಅನ್ನುವವರು ಕೈ ಎತ್ತಿ ಎಂದರು. ಯಾರೂ ಎತ್ತಲಿಲ್ಲ, ಎತ್ತುವ ಹಾಗಿರಲಿಲ್ಲ. ಮುಂದಿನ ಸಾಲಿನ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ದಾಕ್ಷಿಣ್ಯಕ್ಕೆ ಬಿದ್ದು ಎತ್ತಿಬಿಟ್ಟರು. ಮುಂದಿನದನ್ನು ವಿವರಿಸುವುದು ಮರ್ಯಾದೆಯಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ, ಓರಗಿತ್ತಿಯರ ಜಗಳದಲ್ಲಿ ಪೋಸ್ಟ್‌ಮ್ಯಾನ್ ಬಡವಾದರು.

ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿದರು. ಏನು ತಪ್ಪಾಯಿತು ಎಂದು ಇಬ್ಬರೂ ಒಂದೇ ಮೈಕಿನ ಮುಂದೆ ಕೂತು ಮಾತಾಡಿ, ಬುಧವಾರದೊಳಗೆ ಪಾಡ್‌ಕಾಸ್ಟ್ ಮಾಡಿ ಹದಿನೆಂಟು ಜನಕ್ಕೂ ಕಳಿಸಬೇಕೆಂದರು. ದೊಡ್ಡವಳು ಗೋಡೆ ನೋಡುತ್ತ ಆಗಲಿ ಸರ್ ಎಂದಳು. ಸಣ್ಣವಳಿಗೆ ಮಾತ್ರ ಒಳಗೊಳಗೇ ಕುದಿಯುತ್ತಿತ್ತು. ತಾನು ಸೋತದ್ದನ್ನು ನೋಡಿಯೂ ಅಕ್ಕ ಬೇಕೆಂದೇ ಅಳತೆ ಬದಲಿಸಿ ಮಾನ ಕಳೆದಳು ಎಂದೇ ಅವಳ ಲೆಕ್ಕ. ಸಾಕ್ಷಿ ಹಿಡಿದೇ ಮೈಕಿನ ಮುಂದೆ ಕೂರುತ್ತೇನೆ ಎಂದು ನೆಟ್ಟಗೆ ಕಂಪ್ಯೂಟರ್ ಮೇಷ್ಟ್ರ ಹತ್ತಿರ ಹೋದಳು.

ಫೈಲಿನಲ್ಲಿ ಯಾರು ಯಾವಾಗ ಏನು ಬರೆದರು, ಏನು ಅಳಿಸಿದರು, ಎಲ್ಲದರ ಚರಿತ್ರೆ ಉಳಿದಿರುತ್ತದೆ ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡು ಒಂದೊಂದೇ ತೆರೆದು ತೋರಿಸಿದರು. ಶುಕ್ರವಾರ ನಾಲ್ಕೂ ಇಪ್ಪತ್ತೈದಕ್ಕೆ ಸಣ್ಣವಳು ತನ್ನ ಪುಟದಲ್ಲಿ ಒಂದು ಇಂಚನ್ನು ಅರ್ಧ ಮಾಡಿದ್ದಳು. ಸರಿಯಾಗಿ ಹದಿನೈದು ನಿಮಿಷ ಮೊದಲು, ನಾಲ್ಕೂ ಹತ್ತಕ್ಕೆ, ದೊಡ್ಡವಳು ತನ್ನ ಪುಟದಲ್ಲಿ ಅರ್ಧವನ್ನು ಒಂದು ಇಂಚು ಮಾಡಿದ್ದಳು.

"ಅಂದ್ರೆ ಅವರು ನಿಮ್ಮ ಮಾತು ಒಪ್ಪಿದ್ರು, ನೀವು ಅವರ ಮಾತು ಒಪ್ಪಿದ್ರಿ," ಎಂದರು ಮೇಷ್ಟ್ರು. "ಒಬ್ಬರಿಗೊಬ್ಬರು ಹೇಳ್ಲಿಲ್ಲ ಅಷ್ಟೆ."

ಸಣ್ಣವಳಿಗೆ ಕೂತಲ್ಲೇ ಲೆಕ್ಕ ಹೊಳೆಯಿತು. ಸೊಂಟದ ಸುತ್ತ ನಾಲ್ಕು ಹೊಲಿಗೆ, ಒಂದೊಂದಕ್ಕೆ ಎರಡು ಅಂಚು, ಅಂಚಿಗೆ ಅರ್ಧರ್ಧ ಇಂಚು ಹೆಚ್ಚು. ನಾಲ್ಕಿಂಚಿಗೆ ನಾಲ್ಕಿಂಚು ಸರಿಹೋಯಿತು.

ಮೇಷ್ಟ್ರು ಇನ್ನೂ ಹಿಂದಕ್ಕೆ ಹೋದರು. ಮಂಗಳವಾರ ದೊಡ್ಡವಳು ಪುಟದ ತಳದಲ್ಲಿ ಒಂದು ಸಾಲು ಬರೆದು ಅಳಿಸಿದ್ದಳು. ಬುಧವಾರ ಅದೇ ಸಾಲು ಬರೆದು ಅಳಿಸಿದ್ದಳು. ಗುರುವಾರ ಎರಡು ಸಲ. ಪ್ಯಾಂಟಿಗೂ ಅದಕ್ಕೂ ಸಂಬಂಧವಿರಲಿಲ್ಲ. 'ಮಂಡಿ ನೋವು ಕಮ್ಮಿ ಆಯ್ತೇನೇ?' ಎಂದಿತ್ತು. ಆ ವಾರ ಸಣ್ಣವಳು ಕುಂಟಿಕೊಂಡೇ ಬಸ್ಸು ಹತ್ತಿ ಇಳಿದಿದ್ದಳು. ತಿರುಗಿ ನೋಡದವಳು ಅದನ್ನು ಯಾವಾಗ ನೋಡಿದಳೋ! ಸಣ್ಣವಳು ಮೇಷ್ಟ್ರ ಮುಂದೆಯೇ ಮುಖ ಮುಚ್ಚಿಕೊಂಡು ಅತ್ತಳು. ಪಾಪ, ಅವರು ಕಂಪ್ಯೂಟರನ್ನು ಒಂದು ಸಲ ಆರಿಸಿ ಹಾಕಿದರೆ ಸರಿಹೋಗಬಹುದು ಎಂದರು.

ಬುಧವಾರ ಬಟ್ಟೆ ಇಡುವ ಉಗ್ರಾಣದಲ್ಲಿ ಮೈಕು ಇಟ್ಟರು, ಸುತ್ತಲೂ ಬಟ್ಟೆಯ ಥಾನುಗಳಿದ್ದರೆ ದನಿ ಅನುರಣಿಸುವುದಿಲ್ಲವೆಂದು. ಒಂದೇ ಮೇಜು, ಎರಡು ಸ್ಟೂಲು. ಎರಡು ವರ್ಷದ ಮೇಲೆ ಸಣ್ಣವಳು ಅಕ್ಕನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ್ದು. ಕಿವಿಯ ಪಕ್ಕ ಬಿಳಿಗೂದಲು ಬಂದಿತ್ತು. ಬಾಗಿಲ ಬಳಿ ನಿಂತ ಮೇಷ್ಟ್ರು ಕೈ ಮಾಡಿದರು. ಸಣ್ಣವಳು ಬರೆದು ತಂದ ಚೀಟಿಯನ್ನು ಮಡಿಸಿಟ್ಟಳು. ನಲವತ್ತು ಜನರ ಮುಂದೆ ಆಡಿದ ಮಾತಿಗೆ ಮೆಟ್ಟಿಲ ಕೆಳಗೆ ಗುಟ್ಟಾಗಿ ಕ್ಷಮೆ ಕೇಳಿದರೆ ಆಗದು, ನಾಲ್ಕು ಜನ ಕೇಳುವ ಹಾಗೇ ಕೇಳಬೇಕು ಎಂದು ನಿರ್ಧರಿಸಿಯೇ ಬಂದಿದ್ದಳು.

"ಪ್ಯಾಂಟು ಯಾಕೆ ಸಡಿಲ ಆಯ್ತು ಅಂದ್ರೆ, ನಾನು ನಮ್ಮಕ್ಕನ ಹತ್ರ ಮಾತಾಡಲ್ಲ," ಎಂದಳು ಮೈಕಿಗೆ. "ಎರಡು ವರ್ಷದ ಹಿಂದೆ ಅಷ್ಟು ಜನರ ಮುಂದೆ ಅವಳ ಕೋಟಿನ ತೋಳು ತಿರುಗಾಮುರುಗಾ ಇದೆ ಅಂತ ಹಂಗಿಸಿದೆ. ತೋಳು ಹಾಗೇ ಇತ್ತು, ಅದು ಸುಳ್ಳಲ್ಲ. ಆದ್ರೆ ಹಂಗಿಸಿದ್ದು ತಪ್ಪು. ಅಕ್ಕಾ, ತಪ್ಪಾಯ್ತು."

ಮೇಷ್ಟ್ರು ಮೈಕು ಕೆಟ್ಟಿತೇನೋ ಎಂದು ಬಗ್ಗಿ ನೋಡಿದರು.

"ತೋಳು ಹಾಗಿತ್ತು ಅಂತ ನಂಗೂ ಗೊತ್ತಿತ್ತು ಕಣೇ," ಎಂದಳು ದೊಡ್ಡವಳು, ಮೆಲ್ಲಗೆ. "ಆ ಹುಟ್ಟುಹಬ್ಬಕ್ಕೆ ಮನೆಮಂದಿಗೆಲ್ಲ ಬಟ್ಟೆ ಕತ್ತರಿಸಿ ಕೆಳಗೆ ಕಳಿಸಿದ್ದೆ. ಹನ್ನೊಂದು ಉಡುಪು. ಎಲ್ಲ ಒಂದೇ ವಾರದಲ್ಲಿ ಕೂತು ಹೊಲಿದವಳು ನೀನು. ಕೋಟೂ ಅದ್ರಲ್ಲೇ ಇತ್ತು. ಹಾಕ್ಕೊಳ್ಳೋವಾಗ್ಲೇ ನೋಡ್ದೆ. ಬಿಚ್ಚಿಟ್ರೆ ನಿಂಗೆ ಬೇಜಾರಾಗುತ್ತೆ ಅಂತ ಹಾಗೇ ಹಾಕ್ಕೊಂಡು ಇಳಿದು ಬಂದೆ."

ಸಣ್ಣವಳು ಬೆರಳು ಮಡಿಸಿ ಎಣಿಸಿದಳು. ಕೋಟು ಹನ್ನೊಂದನೆಯದು. ಕಣ್ಣು ಎಳೆಯುತ್ತಿದ್ದ ಹೊತ್ತಿನಲ್ಲಿ ನೀಲಿ ತುಂಡುಗಳು ಕೈಗೆ ಬಂದದ್ದು ಈಗ ನೆನಪಾಯಿತು. ಎರಡು ವರ್ಷ ನಾಲ್ಕು ತಿಂಗಳು ದಿನಾ ಬಸ್ಸಿನಲ್ಲಿ ಗೆದ್ದ ವಾದಗಳೆಲ್ಲ ಒಟ್ಟಿಗೇ ಮುಖಕ್ಕೆ ಬಂದು ಹೊಡೆದವು. ಆ ದಿನ ಮಹಡಿಯಿಂದಿಳಿದವಳು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ನಲವತ್ತು ಜನ ಇವಳನ್ನು ನೋಡಿ ನಗುತ್ತಿದ್ದರು. ಅಕ್ಕ ಹೇಳಿರಲಿಲ್ಲ.

ಇದನ್ನು ತೆಗೆದುಬಿಡಲೇ ಮೇಡಂ, ಮೊದಲಿಂದ ಶುರು ಮಾಡೋಣವೇ ಎಂದು ಬಾಗಿಲಿಂದ ಮೇಷ್ಟ್ರು ಸನ್ನೆ ಮಾಡಿದರು. ದೊಡ್ಡವಳು ತೆಗೀರಿ ಎಂದು ತಲೆಯಾಡಿಸುವಷ್ಟರಲ್ಲಿ ಸಣ್ಣವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು.

"ಬರ್ಕೊಳ್ಳಿ ಎಲ್ಲರೂ," ಎಂದಳು. "ಆ ತೋಳು ಹೊಲಿದವಳು ನಾನು."