ಅಣ್ಣನ ‘ಆಯ್ತು’

ನನ್ನ ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಆದರೂ ಅವನಿಗೆ ಶೂ ಲೇಸು ಕಟ್ಟಲು ಕಲಿಸಿದ್ದು ನಾನು. ಅವನಿಗೆ ಡೌನ್ ಸಿಂಡ್ರೋಮ್. ಮಗುವಿಗೆ ಒಂದು ಕ್ರೋಮೋಸೋಮ್ ಹೆಚ್ಚಿದೆ ಎಂದು ಡಾಕ್ಟರು ಹೇಳಿದಾಗ ಅಮ್ಮ, “ಹೆಚ್ಚು ತಾನೆ, ಕಮ್ಮಿ ಏನಿಲ್ಲವಲ್ಲ” ಎಂದಿದ್ದಳಂತೆ. ಅಮ್ಮ ಹೋಗಿ ಎರಡು ವರ್ಷವಾಯಿತು. ಈಗ ಮನೆಯಲ್ಲಿ ನಾವಿಬ್ಬರೇ. ಸಿಟ್ಟು ಬಂದಾಗ ನಾನು ಅವನನ್ನು ಬೈಯುತ್ತೇನೆ. ಬೇರೆಯವರು ಬೈದರೆ ಮಾತ್ರ ಸುಮ್ಮನಿರುವವಳಲ್ಲ.

ಮೂವತ್ತೈದನೇ ವಯಸ್ಸಿಗೆ ಅಣ್ಣನಿಗೆ ಮೊದಲ ಕೆಲಸ ಸಿಕ್ಕಿತು. ಲಾಡ್ಜುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವುದು. ಒಂದು ತಿಂಗಳು ನೋಡುತ್ತೇವೆ, ಸರಿಹೋದರೆ ಕಾಯಂ ಎಂದರು. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಸುಕ್ಕು ಒತ್ತಿ ಅವನು ಮಡಚುವುದನ್ನು ನೋಡಬೇಕು. ಮನೆಯಲ್ಲಿ ನನ್ನ ಕರವಸ್ತ್ರಗಳಿಗೂ ಶಿಸ್ತು ಬಂತು.

ಮೂರನೇ ವಾರ ಅಲ್ಲಿನ ಮೇಲ್ವಿಚಾರಕಿ ನನ್ನನ್ನು ಕರೆಸಿದರು.

“ಕೆಲಸ ಚೆನ್ನಾಗಿದೆ. ಆದ್ರೆ ನಿಮ್ಮಣ್ಣ ಸುಳ್ಳು ಹೇಳ್ತಾರೆ. ಆಯ್ತಾ ಅಂತ ಕೇಳಿದ್ರೆ ಆಯ್ತು ಅಂತಾರೆ. ನಂಬಿ ಗಂಟು ಕಟ್ಟಿಸಿ ಕಳಿಸಿದ್ರೆ, ಹತ್ತು ಶೀಟು ಇನ್ನೂ ಬುಟ್ಟೀಲೇ ಇರುತ್ತೆ. ಎರಡು ಸಲ ಹೀಗಾಗಿದೆ. ಇನ್ನೊಂದು ಸಲ ಆದ್ರೆ ಅವರನ್ನ ಇಟ್ಕೊಳ್ಳೋಕಾಗಲ್ಲ.”

“ಸುಳ್ಳು ಹೇಳೋಕೆ ಬಂದಿದ್ರೆ, ಚಿಕ್ಕಂದಿನಲ್ಲಿ ನನ್ನ ತಪ್ಪಿಗೆಲ್ಲ ಅವನ್ಯಾಕೆ ಬೈಸ್ಕೊಳ್ತಿದ್ದ ಮೇಡಂ?” ಎಂದು ಮುಖ ಗಂಟಿಕ್ಕಿಕೊಂಡು ಎದ್ದು ಬಂದೆ.

ಬಂದವಳು ಆ ಸಿಟ್ಟನ್ನು ಅಣ್ಣನ ಮೇಲೆ ತೀರಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

“ನಾಳೆಯಿಂದ ಕೆಲಸಕ್ಕೆ ಹೋಗೋದು ಬೇಡ. ಆಯ್ತಾ?”

“ಆಯ್ತು,” ಎಂದ ಅಣ್ಣ.

ಹತ್ತು ನಿಮಿಷ ಬಿಟ್ಟು ನೋಡಿದರೆ, ನಾಳೆಯ ಯೂನಿಫಾರಂ ಅನ್ನು ಕುರ್ಚಿಯ ಮೇಲೆ ಮಡಚಿಟ್ಟು ಅದರ ಪಕ್ಕ ನೆಲದ ಮೇಲೆ ಕೂತಿದ್ದ. ಕಣ್ಣು ತುಂಬಿತ್ತು.

“ಆಯ್ತು ಅಂದ್ಯಲ್ಲೋ?”

“ಇಲ್ದಿದ್ರೆ ನೀನು ಬೈತೀಯ,” ಎಂದ.

ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಸ್ನಾನ ಮಾಡು, ಆಯ್ತಾ? ಟಿವಿ ಆರಿಸು, ಆಯ್ತಾ? ಅಮ್ಮ ಇನ್ನು ಬರಲ್ಲ, ಆಯ್ತಾ? ಹುಟ್ಟಿದಾಗಿನಿಂದ ನಾವು ಅವನನ್ನು ಕೇಳಿದ್ದು ಇದೊಂದೇ ಪ್ರಶ್ನೆ. ಅದಕ್ಕೆ ಬೇರೆ ಉತ್ತರವೂ ಇರಬಹುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ‘ಆಯ್ತು’ ಎಂದರೆ ಮುಗಿಯಿತು ಅಂತಲ್ಲ, ಒಪ್ಪಿದೆ ಅಂತಲೂ ಅಲ್ಲ. ಸಿಟ್ಟು ಮಾಡ್ಕೋಬೇಡ ಅಂತ. ನನಗೆ ನಾಚಿಕೆಯಾಯಿತು. ಅವನ ಪಕ್ಕ ನೆಲದ ಮೇಲೆ ಕೂತು ನಾನೂ ಅತ್ತೆ.

ಮರುದಿನ ಅವನ ಜೊತೆ ಲಾಂಡ್ರಿಗೆ ಹೋದೆ.

“ಮೇಡಂ, ಇವನನ್ನ ಆಯ್ತಾ ಅಂತ ಕೇಳ್ಬೇಡಿ. ಇನ್ನೆಷ್ಟಿದೆ ಅಂತ ಕೇಳಿ. ಎಣಿಸಿ ಹೇಳ್ತಾನೆ.”

“ಅಷ್ಟೇನಾ?”

“ಅಷ್ಟೇ. ಅಷ್ಟು ತಿಳಿಯೋಕೆ ನಮ್ಮನೇಲಿ ಮೂವತ್ತೈದು ವರ್ಷ ಬೇಕಾಯ್ತು.”

ಅವರು ಒಂದು ರಟ್ಟಿನ ಮೇಲೆ ‘ಇನ್ನೆಷ್ಟಿದೆ?’ ಎಂದು ದಪ್ಪಕ್ಷರದಲ್ಲಿ ಬರೆದು ಮಡಚುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿದರು. ಕೇಳುವವರಿಗೆ ಮರೆಯಬಾರದಲ್ಲ.

ತಿಂಗಳ ಕೊನೆಯ ದಿನ ಅವನನ್ನು ಕರೆತರಲು ಹೋದೆ. ಕಾಯಂ ಆಗುವುದೋ ಇಲ್ಲವೋ ಅಂದೇ ತಿಳಿಯಬೇಕಿತ್ತು. ಮೇಲ್ವಿಚಾರಕಿ ಬಾಗಿಲಲ್ಲೇ ನಿಂತಿದ್ದರು.

“ಹೊರಡೋಣ ಅಣ್ಣ, ಆಯ್ತಾ?” ಎಂದುಬಿಟ್ಟೆ. ಹಳೇ ಚಾಳಿ, ಬಾಯಿ ಜಾರಿತು.

ಅಣ್ಣ ನನ್ನ ಮುಖ ನೋಡಿದ. ಗೋಡೆಯ ರಟ್ಟು ನೋಡಿದ. ಬಗ್ಗಿ ಬುಟ್ಟಿಯೊಳಗೆ ಬೆರಳಿಟ್ಟು ಎಣಿಸಿದ.

“ಇಲ್ಲ,” ಎಂದ. “ಇನ್ನೂ ನಾಲ್ಕಿದೆ. ನೀನು ಕೂತ್ಕೋ.”

ಅವನ ಬಾಯಲ್ಲಿ ನಾನು ‘ಇಲ್ಲ’ ಎಂಬ ಮಾತು ಕೇಳಿದ್ದು ಅದೇ ಮೊದಲು.

“ಸೋಮವಾರದಿಂದ ಅವರು ಕಾಯಂ,” ಎಂದು ಮೇಲ್ವಿಚಾರಕಿ ನನ್ನ ಕಡೆ ಒಂದು ಸ್ಟೂಲು ತಳ್ಳಿದರು. “ಕೂತ್ಕೊಳ್ಳಿ, ನಿಮ್ಮಣ್ಣ ಹೇಳಿದ್ದು ಕೇಳಿಸ್ಲಿಲ್ವಾ?”

“ಆಯ್ತಣ್ಣ,” ಎಂದು ಕೂತೆ.