ಒಂದೇ ಉಸಿರಿನ ಹೊಳೆ

"ಹನ್ನೆರಡನೇ ವಯಸ್ಸಿಗೇ ಹೊಳೇನ ಒಂದೇ ಉಸಿರಲ್ಲಿ ಈಜಿ ದಾಟಿದವಳು ನಾನು. ಮೊಸಳೆಗಳೇ ಸರಿದು ದಾರಿ ಬಿಟ್ಟಿದ್ದವು!" ಎಂದು ಅಜ್ಜಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಅದರಲ್ಲಿ ಅರ್ಧ ಸುಳ್ಳೆಂದು ತಾನೇ ಒಪ್ಪುತ್ತಿದ್ದಳು. ಯಾವ ಅರ್ಧವೆಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ತೀರಿಹೋದ ಗಂಡನೂ ಕೊನೆಯವರೆಗೆ ನಂಬಿರಲಿಲ್ಲ. ನಂಬಿದವಳು, ಅಜ್ಜಿ ಕಪ್ಪೆಮರಿ ಎಂದು ಕರೆಯುತ್ತಿದ್ದ ಮೊಮ್ಮಗಳೊಬ್ಬಳೇ.

ಆ ಬೆಳಿಗ್ಗೆ ಈಜು ತಂಡದಲ್ಲಿ ಉಳಿದಿದ್ದ ಒಂದೇ ಒಂದು ಜಾಗಕ್ಕೆ ಐವತ್ತು ಮೀಟರ್ ಪಂದ್ಯ. ಕೊಳದ ದಂಡೆಯಲ್ಲಿ ಟವೆಲ್ ಹಿಡಿದು ಕೂತಿದ್ದ ಅಜ್ಜಿಯ ಹತ್ತಿರ ಕೋಚ್ ಬಂದು ತಲೆ ಕೆರೆದುಕೊಂಡ.

"ನಿಮ್ಮ ಮೊಮ್ಮಗಳು ಎರಡೂ ಕೈ ಚಾಚಿದರೆ ಎತ್ತರಕ್ಕಿಂತ ನಾಲ್ಕು ಬೆರಳು ಜಾಸ್ತಿ ಅಜ್ಜಿ. ಡೈವ್ ಬಾಣದ ಹಾಗೆ. ಮೂವತ್ತೈದು ಮೀಟರ್‌ವರೆಗೂ ಇವಳೇ ಮುಂದೆ. ಆಮೇಲೆ ಕೈಕಾಲು ಕಲ್ಲಾಗಿಬಿಡುತ್ತೆ!"

"ನಮ್ಮ ವಂಶದ ಕೈ ಮೇಷ್ಟ್ರೇ, ಕೂತಲ್ಲಿಂದಲೇ ಪಕ್ಕದ್ಮನೆ ಬಾಗಿಲು ಹಾಕ್ತೀವಿ. ನಿಮ್ಮ ಗಡಿಯಾರಕ್ಕೇ ಸುಸ್ತಾಗಿರಬೇಕು."

"ತಮಾಷೆ ಅಲ್ಲ ಅಜ್ಜಿ. ನಿನ್ನೆ ವಿಡಿಯೋ ನೋಡಿದೆ. ಒಂದು ಸಲವೂ ಮುಖ ತಿರುಗಿಸಿ ಉಸಿರು ತಗೊಳ್ಳಲ್ಲ. ಹೇಳಿ ಹೇಳಿ ಸಾಕಾಯ್ತು. ಒಂದಿನ ನೀರೊಳಗೇ ಪ್ರಜ್ಞೆ ತಪ್ಪುತ್ತೆ. ಇವತ್ತೂ ಹಾಗೇ ಮಾಡಿದರೆ ತಂಡಕ್ಕೆ ತಗೊಳ್ಳಲ್ಲ."

ಅಜ್ಜಿಯ ನಗು ಅಲ್ಲೇ ನಿಂತಿತು. ಮೊಮ್ಮಗಳನ್ನು ಕರೆದಳು. "ಯಾಕೇ, ಉಸಿರಾಡೋಕೆ ಏನು ಧಾಡಿ ನಿಂಗೆ?"

"ನೀನು ಹೊಳೇಲಿ ಉಸಿರಾಡಿದ್ಯಾ ಅಜ್ಜಿ? ನಾನು ನಿನ್ನ ಮೊಮ್ಮಗಳು!" ಎಂದು ಕಪ್ಪೆಮರಿ ಎದೆಯುಬ್ಬಿಸಿ ಓಡಿದಳು.

ಅಜ್ಜಿಯ ಕೈಯಿಂದ ಟವೆಲ್ ಜಾರಿ ನೀರಿಗೆ ಬಿತ್ತು. ಇಷ್ಟು ವರ್ಷ ಊರನ್ನೆಲ್ಲ ನಗಿಸಿದ ಮಾತು ಈ ಮಗುವಿನ ಕತ್ತು ಹಿಸುಕುತ್ತಿತ್ತೇ? ಅಷ್ಟರಲ್ಲಿ ಹುಡುಗಿಯರೆಲ್ಲ ಕಟ್ಟೆ ಹತ್ತಿ ಬಾಗಿದರು. ಕೊಳವೆಲ್ಲ ಗಪ್‌ಚಿಪ್. ಕೋಚ್ ಸೀಟಿಯನ್ನು ತುಟಿಗಿಟ್ಟ.

"ಏ ಕಪ್ಪೆಮರೀ! ದೋಣಿ ಕಣೇ!" ಅಜ್ಜಿಯ ಕೂಗಿಗೆ ಕಿಟಕಿಯ ಗಾಜೂ ನಡುಗಿತು. "ದೋಣೀಲಿ ಕೂತು ದಾಟಿದ್ದು! ಅಮ್ಮನ ತೊಡೆ ಮೇಲೆ, ಕಣ್ಮುಚ್ಕೊಂಡು! ಉಸಿರು ಬಿಗಿಹಿಡಿದದ್ದು ಹೆದರಿಕೆಗೆ!"

ಎಲ್ಲರೂ ಬೆಚ್ಚಿ ತಿರುಗಿದರು. ಕಪ್ಪೆಮರಿಯ ಮುಖ ಸುಣ್ಣವಾಯಿತು. ಸೀಟಿ ಕೂಗಿತು, ಹಾರಿದಳು.

ಹತ್ತು ಮೀಟರ್. ಇಪ್ಪತ್ತು. ಮುಖ ನೀರಲ್ಲೇ. ಅಜ್ಜಿ ದಂಡೆಯಲ್ಲಿ ತಾನೇ ಉಸಿರು ಕಟ್ಟಿ ನಿಂತಿದ್ದಳು. ಇಪ್ಪತ್ತೈದಕ್ಕೆ ಆ ಪುಟ್ಟ ತಲೆ ಪಕ್ಕಕ್ಕೆ ಹೊರಳಿತು, ಬಾಯಿ ಅಗಲವಾಗಿ ತೆರೆಯಿತು.

ಅದು ತೆರೆದದ್ದು ಉಸಿರಿಗೋ, ಅಜ್ಜಿಗೆ ಬೈಯುವುದಕ್ಕೋ? ಒಂದು ಸುಳಿವು ಕೊಡುತ್ತೇನೆ: ಮನೆಗೆ ಹೋಗುವಾಗ ಕಪ್ಪೆಮರಿ ದಾರಿಯುದ್ದಕ್ಕೂ ಮಾತಾಡಲಿಲ್ಲ, ಆದರೆ ಒದ್ದೆ ಟವೆಲನ್ನು ಅಜ್ಜಿಯ ತಲೆಗೆ ಸನ್ಮಾನದ ಪೇಟದಂತೆ ಸುತ್ತಿದ್ದಳು. ಜಾಗ ಸಿಕ್ಕಿತೋ ಇಲ್ಲವೋ, ಈಗ ನೀವೇ ಹೇಳಿ ನೋಡೋಣ.